ಹೋಂವರ್ಕ್‌ಗೆ ಯಾರ ನೆರವು? ಗ್ರಂಥಾಲಯ, ಫೋನ್, ಟ್ಯೂಷನ್: ಕಾಸರಗೋಡಿನ ಕನ್ನಡ ಮಾಧ್ಯಮದವರಿಗೆ ಒಂದು ಹೋಲಿಕೆ

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಭಾಗದ ಕನ್ನಡ ಮಾಧ್ಯಮದ ಮನೆಗಳಲ್ಲಿ ಜೂನ್ ತಿಂಗಳಲ್ಲಿ ಶಾಲೆ ಶುರುವಾದ ಕೂಡಲೇ ಏಳುವ ಪ್ರಶ್ನೆ ಇದು: ಮಗುವಿನ ಹೋಂವರ್ಕ್‌ಗೆ ಟ್ಯೂಷನ್ ಹಾಕಬೇಕೇ, ಫೋನಿನಲ್ಲಿ ಸಿಗುವುದೇ ಸಾಕೇ, ಊರಿನ ಗ್ರಂಥಾಲಯದಿಂದ ಏನಾದರೂ ಪ್ರಯೋಜನ ಇದೆಯೇ? ಕರ್ನಾಟಕದ ಮನೆಗಳಿಗೆ ಕೊಡುವ ಉತ್ತರ ಇಲ್ಲಿ ನಡೆಯುವುದಿಲ್ಲ. ನಮ್ಮ ಮಕ್ಕಳು ಓದುವುದು ಕೇರಳದ ಪಠ್ಯ, ಓದುವ ಭಾಷೆ ಕನ್ನಡ. ಅಂತರ್ಜಾಲದಲ್ಲಿ ಕೇರಳ ಪಠ್ಯದ ಪಾಠ ಬೇಕಷ್ಟಿದೆ, ಆದರೆ ಹೆಚ್ಚಿನದು ಮಲಯಾಳದಲ್ಲಿ. ಕನ್ನಡದ ಪಾಠವೂ ಬೇಕಷ್ಟಿದೆ, ಆದರೆ ಹೆಚ್ಚಿನದು ಕರ್ನಾಟಕದ ಪಠ್ಯಕ್ಕೆ. ಎರಡೂ ಒಟ್ಟಿಗೆ ಸಿಗುವ ಜಾಗಗಳು ಕಡಿಮೆ. ಹಾಗಾಗಿ ಎಲ್ಲ ವಿಷಯಕ್ಕೂ ಒಂದೇ ನೆರವನ್ನು ಹುಡುಕದೆ, ಯಾವ ವಿಷಯಕ್ಕೆ ಯಾವುದು ಎಂದು ಬೇರೆಬೇರೆಯಾಗಿ ನಿರ್ಧರಿಸುವುದೇ ಸರಿ.

ಮೊದಲು ಅಳೆಯಬೇಕಾದ ವಿಷಯಗಳು

ಮೊದಲನೆಯದು, ಪಾಠ ನಿಮ್ಮ ಪುಸ್ತಕದ್ದೇ ಹೌದೋ ಅಲ್ಲವೋ. ಇದರಲ್ಲಿ ಎರಡು ಮೋಸಗಳಿವೆ. ಒಂದು, ಕರ್ನಾಟಕದ ಪಾಠವನ್ನು ನಮ್ಮದೆಂದು ತಿಳಿಯುವುದು. ಇನ್ನೊಂದು, ಕೇರಳದ್ದೇ ಆದರೂ ಹಳೆಯ ಪುಸ್ತಕದ ಪಾಠ. ಕೇರಳದಲ್ಲಿ 1, 3, 5, 7, 9ನೇ ತರಗತಿಗಳಿಗೆ 2024ರಲ್ಲಿ, 2, 4, 6, 8, 10ನೇ ತರಗತಿಗಳಿಗೆ 2025ರಲ್ಲಿ ಹೊಸ ಪುಸ್ತಕಗಳು ಬಂದವು. ಅದಕ್ಕಿಂತ ಹಿಂದಿನ ವಿಡಿಯೋ, ಗೈಡು, ಅಣ್ಣ ಅಕ್ಕಂದಿರ ನೋಟ್ಸು ಎಲ್ಲವೂ ಹಳೆಯ ಪುಸ್ತಕದವು. ತತ್ತ್ವ ಅದೇ ಇರಬಹುದು. ಅಧ್ಯಾಯದ ಕ್ರಮ, ಅಭ್ಯಾಸದ ಲೆಕ್ಕಗಳು ಅವೇ ಇರಲಾರವು.

ಎರಡನೆಯದು ಭಾಷೆ. ಕೇಳಿ ಅರ್ಥವಾಗುವ ಭಾಷೆ ಬೇರೆ, ಉತ್ತರ ಬರೆಯುವ ಭಾಷೆ ಬೇರೆ ಇರಬಹುದು. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ ಆಡುವ ಮಗುವಿಗೆ ಮಲಯಾಳದ ವಿವರಣೆ ಕೇಳಿದರೆ ಲೆಕ್ಕ ತಿಳಿಯುತ್ತದೆ, ಆದರೆ ಜೀವಶಾಸ್ತ್ರದ ಉತ್ತರ ಬರೆಯುವಾಗ ಪಾರಿಭಾಷಿಕ ಪದಗಳು ಕೈಕೊಡುತ್ತವೆ.

ಮೂರನೆಯದನ್ನು ಹೆಚ್ಚಿನವರು ಲೆಕ್ಕಕ್ಕೇ ಇಡುವುದಿಲ್ಲ: ಮಗು ಬರೆದದ್ದನ್ನು ನೋಡಿ ‘ಇಲ್ಲಿ ತಪ್ಪಿದೆ’ ಎಂದು ಹೇಳುವವರು ಯಾರಾದರೂ ಇದ್ದಾರೆಯೇ? ವಿಡಿಯೋ ಎಷ್ಟೇ ಚೆನ್ನಾಗಿದ್ದರೂ ನೋಟು ಪುಸ್ತಕವನ್ನು ಅದು ನೋಡುವುದಿಲ್ಲ.

ನಾಲ್ಕನೆಯದು ಸಮಯ ಮತ್ತು ಖರ್ಚು. ನಾಳೆ ಬೆಳಿಗ್ಗೆ ಕೊಡಬೇಕಾದ ಲೆಕ್ಕಕ್ಕೆ ಗ್ರಂಥಾಲಯ ಆಗದು. ಮುಂದಿನ ವಾರದ ಪ್ರಾಜೆಕ್ಟಿಗೆ ಟ್ಯೂಷನ್ ಬೇಕಾಗಿಲ್ಲ.

ಹೋಂವರ್ಕ್ ಮತ್ತು ಪ್ರಾಜೆಕ್ಟಿಗೆ ಎಷ್ಟು ತಲೆಕೆಡಿಸಿಕೊಳ್ಳಬೇಕು ಎಂದು ಕೇಳುವವರಿದ್ದಾರೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ಇಂಗ್ಲಿಷ್, ಸಮಾಜ ವಿಜ್ಞಾನಕ್ಕೆ ಬರವಣಿಗೆ 80 ಅಂಕ, ನಿರಂತರ ಮೌಲ್ಯಮಾಪನ 20. ಉಳಿದವಕ್ಕೆ 40 ಮತ್ತು 10. ಪ್ರಾಜೆಕ್ಟು, ಟಿಪ್ಪಣಿ, ಚಟುವಟಿಕೆಗಳು ಸೇರುವುದು ಈ 20 ಮತ್ತು 10ರಲ್ಲಿ. ಆದರೆ ಬರವಣಿಗೆಯಲ್ಲೇ ವಿಷಯವಾರು ಕನಿಷ್ಠ 30 ಶೇಕಡಾ ಬೇಕೆಂಬ ನಿಯಮ 2024-25ರಲ್ಲಿ 8ನೇ ತರಗತಿಯಿಂದ ಶುರುವಾಗಿ ವರ್ಷಕ್ಕೊಂದು ತರಗತಿಯಂತೆ ಮೇಲೇರುತ್ತಿದೆ. ಎಂದರೆ 40ರಲ್ಲಿ 12, 80ರಲ್ಲಿ 24. ಬೇರೆಯವರು ಬರೆದುಕೊಟ್ಟ ಹೋಂವರ್ಕ್ ನಿರಂತರ ಮೌಲ್ಯಮಾಪನದ ಅಂಕಕ್ಕೆ ಆದೀತು, ಬರವಣಿಗೆಯ ಈ ಕನಿಷ್ಠಕ್ಕೆ ಆಗದು.

ಊರಿನ ಗ್ರಂಥಾಲಯ

ಕೇರಳದ ಗ್ರಂಥಾಲಯಗಳು ಕರ್ನಾಟಕದ ಹಾಗೆ ಇಲಾಖೆಯ ಕಚೇರಿಗಳಲ್ಲ. 1945ರಲ್ಲಿ ಪಿ. ಎನ್. ಪಣಿಕ್ಕರ್ ಮುಂದಾಳುತ್ವದಲ್ಲಿ ಹುಟ್ಟಿದ ಗ್ರಂಥಶಾಲಾ ಸಂಘದ ದಾರಿಯಲ್ಲಿ ಬಂದವು. ಊರಿನವರೇ ಸಮಿತಿ ಮಾಡಿ ನಡೆಸುತ್ತಾರೆ, ರಾಜ್ಯ ಲೈಬ್ರರಿ ಕೌನ್ಸಿಲ್ ಅಂಗೀಕಾರ, ಗ್ರೇಡು, ಗ್ರಾಂಟು ಕೊಡುತ್ತದೆ. ಇದರಿಂದ ಒಂದು ಲಾಭ, ಒಂದು ನಷ್ಟ. ಸಮಿತಿಯವರು ನಿಮ್ಮ ಊರಿನವರೇ ಆದ ಕಾರಣ ಹೇಳಿದರೆ ಕೇಳುತ್ತಾರೆ. ಆದರೆ ತೆರೆಯುವುದು ಹೆಚ್ಚಾಗಿ ಸಂಜೆ ಕೆಲವು ಗಂಟೆ ಮಾತ್ರ, ಅದೂ ಒಬ್ಬರೇ ಗ್ರಂಥಪಾಲಕರನ್ನು ನಂಬಿ. ಅವರು ಮದುವೆಗೆ ಹೋದರೆ ಬಾಗಿಲಿಗೆ ಬೀಗ. ದೂರದಿಂದ ಬರುವವರು ಕಾರ್ಯದರ್ಶಿಗೆ ಫೋನ್ ಮಾಡಿಯೇ ಹೊರಡಿ.

ಪಠ್ಯದ ನೇರ ನೆರವನ್ನು ಇಲ್ಲಿ ನಿರೀಕ್ಷಿಸಬೇಡಿ. ಗೈಡುಗಳಿದ್ದರೆ ಹಳೆಯವು. ಗ್ರಂಥಾಲಯ ಗೆಲ್ಲುವುದು ಮೂರು ಕಡೆ. ಒಂದು, ಓದುವ ಅಭ್ಯಾಸ: ನಾಲ್ಕನೇ ತರಗತಿಯವರೆಗಿನ ಮಗುವಿಗೆ ವಾರಕ್ಕೆರಡು ಕಥೆ ಪುಸ್ತಕ ತಂದುಕೊಡುವುದಕ್ಕಿಂತ ಮೇಲಾದ ಹೋಂವರ್ಕ್ ನೆರವು ಯಾವ ಆ್ಯಪಿನಲ್ಲೂ ಇಲ್ಲ. ಎರಡು, ಕನ್ನಡ ಭಾಷೆಯ ಪಾಠ: ಕವಿ ಪರಿಚಯ, ಪದದ ಅರ್ಥ, ಪ್ರಬಂಧಕ್ಕೆ ಸಾಮಗ್ರಿ. ಗೋವಿಂದ ಪೈ, ಕಯ್ಯಾರ ಕಿಞ್ಞಣ್ಣ ರೈ ಮೊದಲಾದ ಇಲ್ಲಿಯವರ ಬಗ್ಗೆ ಬರೆಯಬೇಕಾದಾಗ ಮೂಲ ಕೃತಿ ಕೈಗೆ ಸಿಗುವುದು ಕಪಾಟಿನಲ್ಲೇ. ಮೂರು, ಸ್ಥಳೀಯ ಪ್ರಾಜೆಕ್ಟು. ಸುರಂಗಗಳ ಬಗ್ಗೆ ಒಂದು ಟಿಪ್ಪಣಿ ಎಂದರೆ ಅಂತರ್ಜಾಲ ಕೊಡುವುದು ಇಂಗ್ಲಿಷಿನ ಸಂಶೋಧನಾ ಲೇಖನಗಳನ್ನು. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದು ನೀರು ತರುವ ಕ್ರಮವನ್ನು ಹೇಳಬಲ್ಲ ಹಿರಿಯರು ಗ್ರಂಥಾಲಯದ ಪತ್ರಿಕೆ ಮೇಜಿನ ಸುತ್ತವೇ ಇರುತ್ತಾರೆ. ಮಗು ಐದು ಪ್ರಶ್ನೆ ಬರೆದುಕೊಂಡು ಹೋಗಲಿ: ಎಷ್ಟು ಉದ್ದ, ಯಾರು ಕೊರೆದರು, ಯಾವ ತಿಂಗಳವರೆಗೆ ನೀರು, ಕುಸಿಯದ ಹಾಗೆ ಏನು ಮಾಡುತ್ತಾರೆ, ಈಗ ಬೋರ್‌ವೆಲ್ ಬಂದ ಮೇಲೆ ಏನಾಯಿತು.

ಕನ್ನಡ ಪುಸ್ತಕದ ಲಭ್ಯತೆ ಎಲ್ಲೆಡೆ ಒಂದೇ ಅಲ್ಲ. ಮಂಜೇಶ್ವರ ತಾಲೂಕಿನಲ್ಲಿ ಕನ್ನಡ ಕಪಾಟು ತುಂಬಿರುತ್ತದೆ, ಚಂದ್ರಗಿರಿ ಹೊಳೆ ದಾಟಿ ತೆಂಕಣಕ್ಕೆ ಹೋದಂತೆ ತೆಳ್ಳಗಾಗುತ್ತದೆ. ಇಲ್ಲದಿದ್ದರೆ ಕೇಳಬೇಕು, ಅದೂ ಸರಿಯಾದ ಹೊತ್ತಿಗೆ. ಗ್ರಾಂಟಿನ ಪುಸ್ತಕ ಖರೀದಿ ನಡೆಯುವುದು ಜಿಲ್ಲಾ ಲೈಬ್ರರಿ ಕೌನ್ಸಿಲಿನ ಪುಸ್ತಕೋತ್ಸವದಲ್ಲಿ. ಅದಕ್ಕೆ ಒಂದು ತಿಂಗಳು ಮೊದಲೇ ಬೇಕಾದ ಕನ್ನಡ ಪುಸ್ತಕಗಳ ಪಟ್ಟಿಯನ್ನು ನಾಲ್ಕಾರು ಪೋಷಕರ ಸಹಿಯೊಂದಿಗೆ ಸಮಿತಿಗೆ ಕೊಡಿ. ಖರೀದಿ ಮುಗಿದ ಮೇಲೆ ದೂರಿದರೆ ಮುಂದಿನ ವರ್ಷದವರೆಗೆ ಕಾಯಬೇಕು. ಜೊತೆಗೆ ಬಾಲವೇದಿ ಇದೆಯೇ ಎಂದು ವಿಚಾರಿಸಿ. ಮಕ್ಕಳಿಗೆಂದೇ ಇರುವ ಈ ವಿಭಾಗ ಚುರುಕಾಗಿರುವಲ್ಲಿ, ಕಾಲೇಜಿಗೆ ಹೋಗುವ ಊರಿನ ಹುಡುಗ ಹುಡುಗಿಯರು ವಾರಕ್ಕೊಂದು ಸಂಜೆ ಹೋಂವರ್ಕ್ ನೋಡುವ ಏರ್ಪಾಡು ಮಾಡುವುದು ಕಷ್ಟವಲ್ಲ. ಜಾಗ, ಬೆಂಚು, ದೀಪ ಆಗಲೇ ಇದೆ.

ಪರಿಶಿಷ್ಟ ಪಂಗಡದ ಕೆಲವು ಕಾಲೋನಿಗಳಲ್ಲಿ ಸಾಮೂಹಿಕ ಪಠಣ ಕೊಠಡಿಗಳಿವೆ. ಕಂಪ್ಯೂಟರು, ಕಲಿಸಲು ಒಬ್ಬರು ಇರುತ್ತಾರೆ. ಹತ್ತಿರ ಅಂಥದ್ದಿದ್ದರೆ ಆ ಮಕ್ಕಳಿಗೆ ಅದೇ ಮೊದಲ ಆಯ್ಕೆ.

ಕೇರಳದ ಅಧಿಕೃತ ಜಾಲತಾಣಗಳು

ಪಠ್ಯಕ್ಕೆ ಸರಿಹೊಂದುವ ವಿಷಯದಲ್ಲಿ ಇವನ್ನು ಮೀರಿಸುವುದು ಯಾವುದೂ ಇಲ್ಲ, ಖರ್ಚೂ ಇಲ್ಲ. ರಾಜ್ಯದ ಪಠ್ಯಪುಸ್ತಕ ರೂಪಿಸುವ ಸಂಸ್ಥೆಯಾದ ಎಸ್‌ಸಿಇಆರ್‌ಟಿ ಕೇರಳದ ತಾಣದಲ್ಲಿ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳು ಪಿಡಿಎಫ್ ಆಗಿ ಸಿಗುತ್ತವೆ. ಗೂಗಲಿನಲ್ಲಿ ಹುಡುಕಿ ಮೊದಲು ಬಂದದ್ದನ್ನು ಇಳಿಸಿಕೊಂಡರೆ ಹಳೆಯ ಆವೃತ್ತಿ ಬರುವ ಸಾಧ್ಯತೆಯೇ ಹೆಚ್ಚು. ತಾಣಕ್ಕೇ ಹೋಗಿ, ಮಾಧ್ಯಮ, ತರಗತಿ ಆರಿಸಿ, ಒಳಪುಟದಲ್ಲಿ ಮುದ್ರಣದ ವರ್ಷ ನೋಡಿ. ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಕೇರಳ ಸರಕಾರದ ಕೈಟ್ ಸಂಸ್ಥೆಯ ಸಮಗ್ರ ಪೋರ್ಟಲಿನಲ್ಲಿ ಪುಸ್ತಕಗಳ ಜೊತೆ ಪ್ರಶ್ನೆಗಳ ಸಂಗ್ರಹವೂ ಇದೆ. ಪರೀಕ್ಷೆಗೆ ಮೊದಲು ಅದರಿಂದ ದಿನಕ್ಕೆ ಎರಡು ಪ್ರಶ್ನೆ ಬರೆಸುವುದು ದುಡ್ಡು ಕೊಟ್ಟು ತಂದ ಗೈಡಿಗಿಂತ ವಾಸಿ.

ಶಾಲಾ ಪಾಠಗಳಿರುವ ಕೇಂದ್ರ ಸರಕಾರದ ದೀಕ್ಷಾ ಆ್ಯಪ್ ಮೊದಲ ಸಲ ತೆರೆದಾಗ ಬೋರ್ಡು, ಮಾಧ್ಯಮ, ತರಗತಿ ಕೇಳುತ್ತದೆ. ಕನ್ನಡ ಬೇಕೆಂದು ಕರ್ನಾಟಕ ಒತ್ತಿದರೆ ಅಲ್ಲಿಗೆ ದಾರಿ ತಪ್ಪಿತು. ಕೇರಳ ಆರಿಸಿ, ಆಮೇಲೆ ಕನ್ನಡ. ಪಾಠಗಳನ್ನು ಫೋನಿಗೆ ಇಳಿಸಿಟ್ಟು ನೆಟ್ ಇಲ್ಲದಾಗಲೂ ನೋಡಬಹುದು. ನೆಟ್‌ವರ್ಕ್ ಇಲ್ಲದ ಗುಡ್ಡದ ಮನೆಯವರು ಪೇಟೆಗೆ ಹೋದಾಗ ವಾರಕ್ಕೆ ಬೇಕಾದ್ದನ್ನು ಇಳಿಸಿ ತರಲಿ.

ಕೈಟ್ ವಿಕ್ಟರ್ಸ್ ಚಾನೆಲಿನ ತರಗತಿಗಳು ಹೆಚ್ಚಿನವು ಮಲಯಾಳದವು. 2020ರ ಜೂನ್ 1ರಂದು ಆರಂಭವಾದ, ಕೋವಿಡ್ ಸಮಯದ ಫಸ್ಟ್ ಬೆಲ್ ಟಿವಿ ತರಗತಿಗಳ ಕಾಲದಲ್ಲಿ ಕನ್ನಡ ಮಾಧ್ಯಮದ ತರಗತಿಗಳನ್ನೂ ತಯಾರಿಸಿದ್ದರು, ಈಗ ಅವು ಹಳೆಯ ಪುಸ್ತಕದವು. ತತ್ತ್ವ ತಿಳಿಯಲು ನೋಡಬಹುದು, ಅಭ್ಯಾಸದ ಲೆಕ್ಕಕ್ಕಲ್ಲ. ಮಲಯಾಳ ಕೇಳಿ ಅರ್ಥವಾಗುವ ಮಗುವಿಗೆ ಗಣಿತ, ಭೌತಶಾಸ್ತ್ರಕ್ಕೆ ಹೊಸ ಮಲಯಾಳ ತರಗತಿಯನ್ನೇ ತೋರಿಸಿ: ಕನ್ನಡ ಪುಸ್ತಕ ಎದುರಿಗೆ ತೆರೆದಿರಬೇಕು, ಬೋರ್ಡಿನ ಮೇಲಿನ ಲೆಕ್ಕ ನಿಲ್ಲಿಸಿ ನಿಲ್ಲಿಸಿ ಬರೆದುಕೊಳ್ಳಬೇಕು. ಸಮಾಜ ವಿಜ್ಞಾನಕ್ಕೆ, ಜೀವಶಾಸ್ತ್ರಕ್ಕೆ ಈ ಉಪಾಯ ಬೇಡ.

ಡೇಟಾ ಖರ್ಚಿನ ಅಂದಾಜು: 360ಪಿಯಲ್ಲಿ ಗಂಟೆಗೆ ಸುಮಾರು 300 ಎಂಬಿ, 720ಪಿಯಲ್ಲಿ ಒಂದು ಜಿಬಿಯ ಆಸುಪಾಸು. ಪಾಠಕ್ಕೆ 360ಪಿ ಧಾರಾಳ ಸಾಕು. ಫೋನ್ ತಾನಾಗಿ ಗುಣಮಟ್ಟ ಏರಿಸಿಕೊಳ್ಳದ ಹಾಗೆ ಕೈಯಾರೆ ಇಳಿಸಿಡಿ.

ಕರ್ನಾಟಕದ ಕನ್ನಡ ಪಾಠಗಳು, ಖಾನ್ ಅಕಾಡೆಮಿ ಇತ್ಯಾದಿ

ಹುಡುಕಿದ ಕೂಡಲೇ ಸಿಗುವುದು ಇವೇ, ಭಾಷೆಯೂ ಸಲೀಸು. ಹಾಗಾಗಿಯೇ ಎಚ್ಚರ ಬೇಕು. ಕರ್ನಾಟಕದ 10ನೇ ತರಗತಿಯ ಗಣಿತ, ವಿಜ್ಞಾನ ಕೇಂದ್ರದ ಎನ್‌ಸಿಇಆರ್‌ಟಿ ಪುಸ್ತಕವನ್ನು ಅನುಸರಿಸಿದೆ. ಕೇರಳದ್ದು ಸ್ವಂತ ಪುಸ್ತಕ. ಅಲ್ಲಿ ವಿಜ್ಞಾನ ಒಂದೇ ಪುಸ್ತಕ, ಇಲ್ಲಿ ಭೌತ, ರಸಾಯನ, ಜೀವ ಎಂದು ಮೂರು.

ವ್ಯತ್ಯಾಸ ಹೇಗಿರುತ್ತದೆ ನೋಡಿ. 4, 7, 10, 13 ಎಂಬ ಸಮಾಂತರ ಶ್ರೇಢಿಯ ಎನ್‌ನೇ ಪದ ಬೇಕು. ಕರ್ನಾಟಕದ ವಿಡಿಯೋದಲ್ಲಿ ಮೊದಲ ಪದಕ್ಕೆ ಎನ್‌ನಲ್ಲಿ ಒಂದು ಕಳೆದು ಸಾಮಾನ್ಯ ವ್ಯತ್ಯಾಸದಿಂದ ಗುಣಿಸಿ ಕೂಡಿಸುವ ಸೂತ್ರ ಬರುತ್ತದೆ. ಕೇರಳದ ಪುಸ್ತಕ ಶ್ರೇಢಿಯ ಬೀಜಗಣಿತ ರೂಪಕ್ಕೆ ಒತ್ತು ಕೊಡುತ್ತದೆ: ವ್ಯತ್ಯಾಸ 3, ಹಾಗಾದರೆ ಎನ್‌ನ ಮೂರು ಪಟ್ಟು, ಮೊದಲ ಪದ 4 ಆಗಬೇಕಾದರೆ ಅದಕ್ಕೆ 1 ಕೂಡಿಸಬೇಕು. ಎರಡರ ಉತ್ತರವೂ ‘ಎನ್‌ನ ಮೂರು ಪಟ್ಟು ಕೂಡಿಸು ಒಂದು’. ಆದರೆ ‘ಈ ಶ್ರೇಢಿಯ ಪದಗಳನ್ನು 3ರಿಂದ ಭಾಗಿಸಿದರೆ ಶೇಷವೇನು, 100 ಇದರಲ್ಲಿ ಬರುತ್ತದೆಯೇ’ ಎಂಬ ನಮ್ಮ ಪುಸ್ತಕದ ಬಗೆಯ ಪ್ರಶ್ನೆಗೆ ಸೂತ್ರ ಬಾಯಿಪಾಠ ಮಾಡಿದ ಮಗು ತಡಕಾಡುತ್ತದೆ. ರೂಪ ತಿಳಿದ ಮಗುವಿಗೆ 100ನ್ನು 3ರಿಂದ ಭಾಗಿಸಿದರೆ ಶೇಷ 1, ಹಾಗಾಗಿ ಬರುತ್ತದೆ ಎಂದು ಒಂದೇ ಸಾಲಿನಲ್ಲಿ ಹೊಳೆಯುತ್ತದೆ.

ಅಧ್ಯಾಯಗಳು ತರಗತಿಯನ್ನೇ ಬದಲಿಸುವುದೂ ಉಂಟು. ವೃತ್ತಕೇಂದ್ರದ ಕೋನ ಪರಿಧಿಯ ಮೇಲಿನ ಕೋನದ ಎರಡರಷ್ಟು, ಅರ್ಧವೃತ್ತದ ಕೋನ ಲಂಬಕೋನ ಎಂಬ ಪಾಠ ನಮ್ಮಲ್ಲಿ 10ನೆಯದರಲ್ಲಿದೆ. ಎನ್‌ಸಿಇಆರ್‌ಟಿ ಕ್ರಮದಲ್ಲಿ ಅದು 9ನೆಯದು, 10ರ ‘ವೃತ್ತಗಳು’ ಎಂದರೆ ಸ್ಪರ್ಶಕಗಳು. ಆದ್ದರಿಂದ ಖಾನ್ ಅಕಾಡೆಮಿಯ ಕನ್ನಡ ಆವೃತ್ತಿಯಲ್ಲಿ ಹುಡುಕುವಾಗ ತರಗತಿಯ ಸಂಖ್ಯೆ ನೋಡಬೇಡಿ, ಪಾಠದ ಹೆಸರು ನೋಡಿ. ನಮ್ಮ 10ರ ರಸಾಯನದ ಅನಿಲ ನಿಯಮ, ಮೋಲ್ ಪರಿಕಲ್ಪನೆಗೆ ಕರ್ನಾಟಕದ 10ರಲ್ಲಿ ಜೋಡಿಯೇ ಇಲ್ಲ. ಸಿಗುವುದು ಪಿಯುಸಿ ಮಟ್ಟದ್ದು, ಮಗುವನ್ನು ಹೆದರಿಸುವಷ್ಟು ಗಟ್ಟಿ. ಅದಕ್ಕೆ ಫೆಟ್ ಎಂಬ ಉಚಿತ ಪ್ರಯೋಗ ತಾಣದ ಅನಿಲಗಳ ಪ್ರಯೋಗ ಒಳ್ಳೆಯದು. ಪಂಪು ಒತ್ತಿ ಕಣಗಳನ್ನು ತುಂಬಿ, ಉಷ್ಣತೆ ಒಂದೇ ಇಟ್ಟು ಪೆಟ್ಟಿಗೆಯನ್ನು ಅರ್ಧ ಮಾಡಿದರೆ ಒತ್ತಡ ಎರಡು ಪಟ್ಟಾಗುವುದು ಕಣ್ಣಿಗೆ ಕಾಣುತ್ತದೆ. ಗಣಿತದ ಚಿತ್ರ ಬಿಡಿಸುವ ಜಿಯೋಜಿಬ್ರಾ ತಂತ್ರಾಂಶ ಶಾಲೆಯ ಕಂಪ್ಯೂಟರುಗಳಲ್ಲೇ ಇದೆ, ಫೋನಿಗೂ ಉಚಿತ. ಜ್ಯಾಮಿತಿಯ ಹೋಂವರ್ಕ್ ಸರಿಯಾಯಿತೇ ಎಂದು ಅದರಲ್ಲಿ ಅಳೆದು ನೋಡಬಹುದು.

ಸಮಾಜ ವಿಜ್ಞಾನಕ್ಕೆ ಕರ್ನಾಟಕದ ಪಾಠ ಪೂರ್ತಿ ಬಿಡಿ. ಶ್ರೀನಾರಾಯಣ ಗುರು, ಅಯ್ಯಂಕಾಳಿ ಕಾಲದ ಕೇರಳದ ಸುಧಾರಣೆಗಳ ಬಗ್ಗೆ ಅಲ್ಲಿ ನಮಗೆ ಬೇಕಾದಷ್ಟು ಸಿಗದು. ಪದದ ಅರ್ಥಕ್ಕೆ ಮಾತ್ರ ‘ಅಲರ್’ ನಿಘಂಟು, ಭಾರತವಾಣಿ ತಾಣ ಎರಡೂ ನಂಬಬಹುದಾದವು, ಉಚಿತ.

ಎಐ ಚಾಟ್‌ಬಾಟ್

ಚಾಟ್‌ಜಿಪಿಟಿ, ಜೆಮಿನಿಯಂಥವು ಕನ್ನಡದಲ್ಲೇ ಉತ್ತರಿಸುತ್ತವೆ, ರಾತ್ರಿ ಹತ್ತಕ್ಕೂ ಸಿಗುತ್ತವೆ, ಬರೆದದ್ದರ ಫೋಟೋ ಕಳಿಸಿದರೆ ತಪ್ಪನ್ನೂ ತೋರಿಸುತ್ತವೆ. ಅಷ್ಟರ ಮಟ್ಟಿಗೆ ವಿಡಿಯೋಗಿಂತ ಮೇಲು. ದೋಷಗಳು: ಕನ್ನಡದಲ್ಲಿ ಕೇಳಿದರೆ ಕರ್ನಾಟಕದ ಕ್ರಮಕ್ಕೆ ವಾಲುತ್ತವೆ, ನಮ್ಮ ಜಿಲ್ಲೆಯ ಊರು, ಇತಿಹಾಸ ಕೇಳಿದರೆ ಇಲ್ಲದ್ದನ್ನೂ ಇದೆಯೆಂದು ಧೈರ್ಯವಾಗಿ ಹೇಳುತ್ತವೆ, ಉದ್ದದ ಲೆಕ್ಕದ ನಡುವೆ ಎಡವುತ್ತವೆ. ಚಾಟ್‌ಜಿಪಿಟಿಯ ನಿಯಮದಂತೆ 13 ವರ್ಷದೊಳಗಿನವರು ಬಳಸುವಂತಿಲ್ಲ, 18ರವರೆಗೆ ಹೆತ್ತವರ ಒಪ್ಪಿಗೆ ಬೇಕು.

ಬಳಸುವುದಾದರೆ ಹೀಗೆ: ಪುಸ್ತಕದ ಆ ಪುಟದ ಫೋಟೋ ಮೊದಲು ಕೊಡಿ, ಆಮೇಲೆ ಮಗು ಬರೆದದ್ದರ ಫೋಟೋ. ‘ಇದು ಕೇರಳದ ಪುಸ್ತಕ. ಉತ್ತರ ಹೇಳಬೇಡ. ನಾನು ಎಲ್ಲಿ ತಪ್ಪಿದೆ ಎಂದು ತೋರಿಸಿ, ಮುಂದಿನ ಒಂದೇ ಹೆಜ್ಜೆ ಹೇಳು’ ಎಂದು ಬರೆಯಿರಿ. ಬಂದ ಉತ್ತರವನ್ನು ಮಗುವೇ ಪರೀಕ್ಷಿಸಲಿ. ಮೇಲಿನ ಶ್ರೇಢಿಯಲ್ಲಿ ಎನ್ ಬದಲು 1 ಹಾಕಿದರೆ 4, 2 ಹಾಕಿದರೆ 7 ಬರಬೇಕು. ಬರದಿದ್ದರೆ ಎಷ್ಟು ಚಂದದ ವಿವರಣೆಯಾದರೂ ಕಸ. ಪ್ರಬಂಧ ಬರೆಸುವುದಕ್ಕೆ ಇದು ಬೇಡವೇ ಬೇಡ. ಟೀಚರಿಗೆ ಎರಡನೇ ಸಾಲಿಗೇ ಗೊತ್ತಾಗುತ್ತದೆ.

ಟ್ಯೂಷನ್

ತಪ್ಪು ನೋಡಿ ತಿದ್ದುವ ವಿಷಯದಲ್ಲಿ ಮನುಷ್ಯರಿಗೆ ಸಾಟಿಯಿಲ್ಲ, ಖರ್ಚೂ ಎಲ್ಲಕ್ಕಿಂತ ಹೆಚ್ಚು. ಪೇಟೆಯ ಕೇಂದ್ರಗಳಲ್ಲಿ ಹೆಚ್ಚಾಗಿ ಇಂಗ್ಲಿಷ್, ಮಲಯಾಳ ಮಾಧ್ಯಮದವರನ್ನು ಕೂರಿಸಿ ಕಲಿಸುತ್ತಾರೆ. ಕನ್ನಡ ಮಾಧ್ಯಮದ ಮಗು ಹಿಂದಿನ ಬೆಂಚಿನಲ್ಲಿ ಬರೆದುಕೊಂಡು ಬರುತ್ತದೆ. ಸೇರಿಸುವ ಮೊದಲು ಮೂರು ಮಾತು ಕೇಳಿ: ಕನ್ನಡ ಪುಸ್ತಕ ಇಟ್ಟುಕೊಂಡು ಕಲಿಸುತ್ತೀರಾ, ಒಂದು ಬ್ಯಾಚಿನಲ್ಲಿ ಎಷ್ಟು ಮಕ್ಕಳು, ನೋಟು ನೀವೇ ತಿದ್ದುತ್ತೀರಾ. ಹದಿನೈದಕ್ಕಿಂತ ಹೆಚ್ಚು ಮಕ್ಕಳಿದ್ದರೆ ಅದು ಇನ್ನೊಂದು ಕ್ಲಾಸು, ಟ್ಯೂಷನ್ ಅಲ್ಲ. ಶಾಲೆಯ ಮಾಸ್ಟ್ರನ್ನೇ ಮನೆಪಾಠಕ್ಕೆ ಕೇಳಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ವಿಧಿ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವುದನ್ನು ನಿಷೇಧಿಸಿದೆ. ಆದರೆ ಶಾಲೆ ಬಿಟ್ಟ ಮೇಲೆ ಹತ್ತು ನಿಮಿಷ ನಿಂತು ಸಂಶಯ ಕೇಳಿದರೆ ಯಾವ ಮಾಸ್ಟ್ರೂ ಇಲ್ಲವೆನ್ನರು, ಅದಕ್ಕೆ ಕಾಸೂ ಬೇಡ.

ಎಲ್ಲ ವಿಷಯಕ್ಕೂ ಟ್ಯೂಷನ್ ಹಾಕುವ ಬದಲು ಮಗು ನಿಜಕ್ಕೂ ಹಿಂದುಳಿದ ಒಂದು ವಿಷಯಕ್ಕೆ, ಹೆಚ್ಚಾಗಿ ಗಣಿತ ಅಥವಾ ಇಂಗ್ಲಿಷಿಗೆ ಮಾತ್ರ ಹಾಕಿ.

ನಿಮ್ಮ ಮನೆಗೆ ಯಾವುದು

ಎಲ್‌ಪಿ (1ರಿಂದ 4ನೇ ತರಗತಿ) ಮಗುವಿಗೆ: ಗ್ರಂಥಾಲಯದ ಸದಸ್ಯತ್ವ, ಮನೆಯಲ್ಲಿ ಯಾರಾದರೊಬ್ಬರು ದಿನಕ್ಕೆ ಇಪ್ಪತ್ತು ನಿಮಿಷ. ಬೇರೆ ಏನೂ ಬೇಡ.

ಯುಪಿ (5ರಿಂದ 7ನೇ ತರಗತಿ) ಮಗುವಿಗೆ ದುಡ್ಡು ಖರ್ಚು ಮಾಡುವ ಹೊತ್ತು ಇನ್ನೂ ಬಂದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಪಠ್ಯದ ಪಿಡಿಎಫ್, ದೀಕ್ಷಾ, ಪ್ರಾಜೆಕ್ಟಿಗೆ ಗ್ರಂಥಾಲಯ ಸಾಕು. ಭಿನ್ನರಾಶಿಯಲ್ಲಿ, ಶೇಕಡಾದಲ್ಲಿ ತಡವರಿಸುವವರಿಗೆ ಖಾನ್ ಅಕಾಡೆಮಿಯ ಅಭ್ಯಾಸ ಸೇರಿಸಿ. ಅಲ್ಲಿ ಉತ್ತರ ತಪ್ಪಾದರೆ ಆ ಕ್ಷಣಕ್ಕೇ ತಿಳಿಯುತ್ತದೆ.

ಎಂಟರಿಂದ ಹತ್ತರವರೆಗೆ ವಿಷಯವಾರು ಹಂಚಿ. ಗಣಿತ, ಭೌತಶಾಸ್ತ್ರಕ್ಕೆ ವಿಕ್ಟರ್ಸ್ ಅಥವಾ ಹೆಸರು ನೋಡಿ ಆರಿಸಿದ ಕನ್ನಡ ವಿಡಿಯೋ; ಕನ್ನಡಕ್ಕೆ ಗ್ರಂಥಾಲಯ; ಸಮಾಜ, ಜೀವಶಾಸ್ತ್ರಕ್ಕೆ ಪುಸ್ತಕ ಮತ್ತು ಸಮಗ್ರದ ಪ್ರಶ್ನೆಗಳು. ಬಜೆಟ್ಟಿದ್ದರೆ ಒಂದು ವಿಷಯಕ್ಕೆ ಟ್ಯೂಷನ್.

ಸ್ಮಾರ್ಟ್‌ಫೋನ್ ಇಲ್ಲದ, ಅಥವಾ ಅಪ್ಪ ಕೆಲಸದಿಂದ ಬಂದ ಮೇಲಷ್ಟೇ ಫೋನ್ ಸಿಗುವ ಮನೆಯವರು ಬೇಕಾದ ಪುಟಗಳನ್ನು ಮಾತ್ರ ಅಕ್ಷಯ ಕೇಂದ್ರದಲ್ಲೋ ಜೆರಾಕ್ಸ್ ಅಂಗಡಿಯಲ್ಲೋ ಪ್ರಿಂಟು ತೆಗೆಸಲಿ. ಹಾಳೆಯ ಒಂದು ಬದಿಗೆ ಎರಡು ಪುಟ ಕೂರಿಸಲು ಹೇಳಿದರೆ ಖರ್ಚು ಅರ್ಧ. ಹೈಸ್ಕೂಲಿನಲ್ಲಿ ಲಿಟಲ್ ಕೈಟ್ಸ್ ಎಂಬ ಐಟಿ ಕ್ಲಬ್ಬಿನ ಮಕ್ಕಳಿರುತ್ತಾರೆ, ಶಾಲೆಯ ಕಂಪ್ಯೂಟರಿನಲ್ಲಿ ಪಾಠ ಹುಡುಕಿಕೊಡಲು ಅವರನ್ನು ಕೇಳಬಹುದು.

ಹತ್ತನೆಯದರಲ್ಲಿರುವವರಿಗೆ ಇನ್ನೊಂದು ಕೆಲಸ. ಪ್ಲಸ್ ವನ್ (11ನೇ ತರಗತಿ) ವಿಜ್ಞಾನ ಇಂಗ್ಲಿಷಿನಲ್ಲಿ. ಅದೇ ಎಸ್‌ಸಿಇಆರ್‌ಟಿ ತಾಣದಿಂದ ಹತ್ತರ ಇಂಗ್ಲಿಷ್ ಮಾಧ್ಯಮದ ಭೌತ, ರಸಾಯನ, ಗಣಿತ ಪುಸ್ತಕ ಇಳಿಸಿಟ್ಟು, ಪಾಠ ಮುಗಿದಾಗಲೆಲ್ಲ ಎರಡನ್ನೂ ಪಕ್ಕಪಕ್ಕ ಇಟ್ಟು ಹತ್ತು ಪದ ನೋಟಿನ ಕೊನೆಯಲ್ಲಿ ಬರೆಸಿ. ಪ್ಲಸ್ ವನ್‌ಗೆ ಹೋದ ಮೇಲೆ ಚಿತ್ರವೇ ಬದಲು: ಅಲ್ಲಿ ವಿಜ್ಞಾನ, ಗಣಿತಕ್ಕೆ ಇರುವುದು ಎನ್‌ಸಿಇಆರ್‌ಟಿ ಪುಸ್ತಕಗಳೇ, ಕರ್ನಾಟಕದ ಪಿಯುಸಿಗೂ ಅವೇ. ಇಷ್ಟು ದಿನ ಎಚ್ಚರದಿಂದ ನೋಡಬೇಕಾಗಿದ್ದ ಕನ್ನಡ ಇಂಗ್ಲಿಷ್ ಬೆರಕೆಯ ಪಿಯುಸಿ ವಿಡಿಯೋಗಳು ಅಲ್ಲಿಂದ ಮುಂದೆ ಅಧ್ಯಾಯಕ್ಕೆ ಅಧ್ಯಾಯ ಹೊಂದುತ್ತವೆ.